ತನ್ನಷ್ಟಕ್ಕೆ ಬೆರೆಯುವ ಎಣ್ಣೆ

ಈ ಸಲದ ಶ್ರಾವಣದಲ್ಲಿ ಒಂದು ಬೆಳಿಗ್ಗೆ ಬೇಲೇಕೇರಿಯ ದಂಡೆಗೆ ಹೋಗಿದ್ದೆ. ಹೋದದ್ದು ಮೀನಿಗೆ. ಕೈಗಾದ ನಮ್ಮ ಬಡಾವಣೆಗೆ ಬರುವ ಮೀನು ಮಂಜುಗಡ್ಡೆಯ ಮೇಲೆ ಎಷ್ಟು ದಿನ ಮಲಗಿ ಎದ್ದದ್ದೋ ದೇವರೇ ಬಲ್ಲ. ಹಾಗಾಗಿ ರಜೆಗೆ ನನ್ನೂರು ಹಟ್ಟಿಕೇರಿಗೆ ಬಂದಾಗಲೆಲ್ಲ ತಾಜಾ ಮೀನಿನ ನೆಪದಲ್ಲಿ ಸಮುದ್ರದ ಕಡೆ ಒಂದು ಸುತ್ತು ಹಾಕುತ್ತೇನೆ. ಮಳೆ ನಿಂತು ಸ್ವಲ್ಪ ಹೊತ್ತಾಗಿತ್ತು. ಯಾರೋ ಒಬ್ಬರು ದೋಣಿಯ ಹಿಂಬದಿಗೆ ಬಾಗಿ ಹಳೆಯ ಎಂಜಿನ್ನಿನ ಹಗ್ಗ ಜಗ್ಗಿದರು. ಎರಡು ಸಲ ಕೆಮ್ಮಿ ಮೂರನೆಯದಕ್ಕೆ ಅದು ಹೊತ್ತಿಕೊಂಡಿತು. ನೀಲಿ ಹೊಗೆ ನೀರಿನ ಮೇಲೆಯೇ ಹರಡಿ ನನ್ನ ತನಕ ಬಂತು.

ಪೆಟ್ರೋಲಿನ ಜೊತೆ ಎಣ್ಣೆ ಸುಟ್ಟ ವಾಸನೆ ಅದು. ಈಗೀಗ ಅಪರೂಪ. ಹೊಸ ಎಂಜಿನ್ನುಗಳೆಲ್ಲ ನಾಲ್ಕು ಸ್ಟ್ರೋಕಿನವು, ಹೊಗೆ ಉಗುಳುವುದಿಲ್ಲ. ಪಕ್ಕದಲ್ಲಿ ನಿಂತಿದ್ದವರು ಮೂಗು ಮುಚ್ಚಿಕೊಂಡರು. ನಾನು ಮಾತ್ರ ಅಲ್ಲೇ ಬಲೆಯ ರಾಶಿಯ ಮೇಲೆ ಕೂತುಬಿಟ್ಟೆ. ಕೂತವನಿಗೆ ನೆನಪಾದದ್ದು ಒಂದೇ ಒಂದು ಮಳೆಗಾಲ. ಇಪ್ಪತ್ತು ವರ್ಷ ಅದನ್ನು ನೆನೆಯದೆ ಇರುವುದೇ ನನ್ನ ಮುಖ್ಯ ಉದ್ಯೋಗವಾಗಿತ್ತು. ಸಂಬಳದ ಉದ್ಯೋಗ ಅದರ ನಂತರದ್ದು.

ನೌಕಾನೆಲೆ ಎದ್ದು ನಿಂತ ಮೇಲಿನ ವರ್ಷಗಳವು. ಚೆಂಡಿಯಾ ಕಡೆಯ ಊರುಗಳವರು ಅದಕ್ಕಾಗಿ ಮನೆ, ಗದ್ದೆ, ದೋಣಿ ಎಳೆಯುವ ದಂಡೆ ಎಲ್ಲವನ್ನೂ ಬಿಟ್ಟು, ಸಾಲಾಗಿ ಕಟ್ಟಿದ ಕಾಲನಿಗಳಿಗೆ ಬಂದಿದ್ದರು. ನನಗಾಗ ಇಪ್ಪತ್ತಾರು. ಕಾರವಾರದಲ್ಲಿ ಐಟಿಐ ಮುಗಿಸಿದ್ದೆ. ಕೈಗಾದ ಅಣುವಿದ್ಯುತ್ ಸ್ಥಾವರಕ್ಕೆ ಅರ್ಜಿ ಹಾಕಿ, ಪರೀಕ್ಷೆ ಸಂದರ್ಶನ ಎರಡೂ ಆಗಿ, ಪತ್ರ ಬರುವುದೊಂದು ಬಾಕಿ ಇತ್ತು. ಕಾಯುವವನು ಗದ್ದೆಯಲ್ಲಿ ನಿಂತೂ ಕಾಯಬಹುದು ಎಂಬುದು ಅಪ್ಪನ ಅಭಿಪ್ರಾಯ. ಅದರಿಂದ ತಪ್ಪಿಸಿಕೊಳ್ಳಲು ನಾನು ಅಂಕೋಲೆಯಲ್ಲಿ ವಿಠ್ಠಲ ಮೇಸ್ತ್ರಿಯ ಶೆಡ್ಡಿಗೆ ಸೇರಿದೆ. ದೋಣಿಯ ಹಿಂದೆ ನೇತುಹಾಕುವ ಎಂಜಿನ್ನುಗಳ ರಿಪೇರಿ ಅಲ್ಲಿ ನಡೆಯುತ್ತಿತ್ತು. ಬಿಡಿಭಾಗ ತರಲು ಕಾರವಾರಕ್ಕೆ ಹೋದಾಗ ಕೈಗಾದ ಕಂಪನಿ ಬಸ್ಸು ಎದುರಾಗುತ್ತಿತ್ತು. ಕಿಟಕಿಗೆ ತಲೆ ಆನಿಸಿ ನಿದ್ದೆ ಹೋದ ನೌಕರರು ಕಾಣುತ್ತಿದ್ದರು. ಆ ನಿದ್ದೆ ನನಗೆ ಬೇಕಾಗಿತ್ತು, ಬೇರೇನೂ ಬೇಕಾಗಿರಲಿಲ್ಲ.

ವಿಠ್ಠಲ ಮೇಸ್ತ್ರಿ ಶಾಲೆಯ ಮೆಟ್ಟಿಲು ಹೆಚ್ಚು ಹತ್ತಿದವರಲ್ಲ. ಎಂಜಿನ್ನಿನ ಮೇಲೆ ಅಂಗೈ ಇಟ್ಟರೆ ಅದರ ರೋಗ ಹೇಳುತ್ತಿದ್ದರು. ನಾನೋ ಕೈಪಿಡಿ ಓದುವವನು. ಯಾವ ಎಂಜಿನ್ ಬಂದರೂ ಅದರ ಪುಸ್ತಕ ಹುಡುಕಿ, ಓದಿ, ಓದಿದ್ದನ್ನು ಸಿಕ್ಕವರಿಗೆಲ್ಲ ವಿವರಿಸದಿದ್ದರೆ ನನಗೆ ಅನ್ನ ಸೇರುತ್ತಿರಲಿಲ್ಲ. ಮೇಸ್ತ್ರಿ ನನ್ನನ್ನು ‘ಪುರಾಣಿಕರು’ ಎಂದೇ ಕರೆಯುತ್ತಿದ್ದರು. ಗಿರಾಕಿ ಬಂದರೆ, ಪುರಾಣಿಕರು ಪುರಾಣ ಶುರು ಮಾಡುವ ಮೊದಲು ಬೇಗ ಹೋಗಿಬಿಡು ಎಂದು ಎಚ್ಚರಿಸುತ್ತಿದ್ದರು. ಎಲ್ಲರೂ ನಗುತ್ತಿದ್ದರು, ನಾನೂ ನಗುತ್ತಿದ್ದೆ. ಒಳಗೊಳಗೆ ಹೆಮ್ಮೆಯೇ ಇತ್ತು.

ಪುರಾಣ ಇಲ್ಲಿಯೂ ಸ್ವಲ್ಪ ಹೇಳಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಎರಡು ಸ್ಟ್ರೋಕಿನ ಎಂಜಿನ್ನಿಗೆ ಕಾರು, ಲಾರಿಗಳಿಗೆ ಇರುವಂತೆ ಹೊಟ್ಟೆಯಲ್ಲಿ ಎಣ್ಣೆಯ ಕೊಳ ಇರುವುದಿಲ್ಲ. ಪೆಟ್ರೋಲು ಒಳಗೆ ಹೋಗುವಾಗ ಅದರ ಜೊತೆಗೇ ಎಣ್ಣೆಯೂ ಹೋಗಬೇಕು. ಪಿಸ್ಟನ್ನಿಗೆ, ಬೇರಿಂಗಿಗೆ ತೆಳ್ಳಗೆ ಸವರಿಕೊಂಡು, ಕೆಲಸ ಮುಗಿದ ಮೇಲೆ ಸುಟ್ಟು ನೀಲಿ ಹೊಗೆಯಾಗಿ ಹೊರಗೆ ಬರಬೇಕು. ಎಣ್ಣೆ ಹೋಗದಿದ್ದರೆ ಲೋಹಕ್ಕೆ ಲೋಹ ಉಜ್ಜಿ, ಕಾದು, ಉಬ್ಬಿ, ಪಿಸ್ಟನ್ ಸಿಲಿಂಡರನ್ನು ಕಚ್ಚಿ ಹಿಡಿಯುತ್ತದೆ. ಅದಕ್ಕೆ ನಮ್ಮಲ್ಲಿ ‘ಎಂಜಿನ್ ಹಿಡಿಯಿತು’ ಅನ್ನುತ್ತಾರೆ. ಹಿಡಿದ ಎಂಜಿನ್ನನ್ನು ಸಮುದ್ರದ ಮಧ್ಯೆ ಬಿಡಿಸಲು ಯಾರಿಂದಲೂ ಆಗುವುದಿಲ್ಲ.

ಹಾಗಾಗಿ ನಮ್ಮ ಕರಾವಳಿಯಲ್ಲಿ ಎಣ್ಣೆ ಬೆರೆಸುವುದು ಒಲೆ ಹಚ್ಚುವಷ್ಟೇ ನಿತ್ಯದ ಕೆಲಸವಾಗಿತ್ತು. ಕೆಲವು ಮನೆಗಳಲ್ಲಿ ಅದು ಹೆಂಗಸರ ಪಾಲಿನದು. ಗಂಡಸರ ಕೈ ಬಲೆ ಹಗ್ಗಗಳಲ್ಲಿ ಒದ್ದೆ, ಒಂದು ಹನಿ ಉಪ್ಪುನೀರು ಕ್ಯಾನಿಗೆ ಬಿದ್ದರೂ ಕೇಡು. ಹೆಂಗಸು ಮನೆಯ ಜಗಲಿಯಲ್ಲಿ ಒಣಗೈಯಲ್ಲಿ ಅಳತೆ ಹಾಕಿ, ಕ್ಯಾನನ್ನು ಮಡಿಲಲ್ಲಿಟ್ಟು ಕುಲುಕಿ, ಹೊತ್ತು ತಂದು ದಂಡೆಯಲ್ಲಿ ಕೊಡುತ್ತಿದ್ದಳು. ಬೆರೆತದ್ದು ಸರಿಯಾಗಿದೆಯೇ ಎಂದು ನೋಡಲು ಅಂಗೈ ಮೇಲೆ ನಾಲ್ಕು ಹನಿ ಬಿಟ್ಟು ಆರುವ ತನಕ ಕಾಯುತ್ತಿದ್ದರು. ಪೆಟ್ರೋಲು ಹಾರಿಹೋದ ಮೇಲೆ ಅಂಗೈ ಜಾರಿದರೆ ಎಣ್ಣೆ ಇದೆ, ಒಣಗಿದರೆ ಇಲ್ಲ.

ಇಂಥ ಕಡೆಗೆ, ಗೋವಾದಲ್ಲಿ ಪ್ರವಾಸಿಗರ ದೋಣಿಗಳಿಗೆ ದುಡಿದು ಹಳೆಯದಾದ ಐದಾರು ಎಂಜಿನ್ನುಗಳು ಬಂದವು. ಎಲ್ಲ ಒಂದೇ ಕಂಪನಿಯವು, ಒಂದೇ ಬಣ್ಣದವು, ಒಂದರ ಪಕ್ಕ ಒಂದಿಟ್ಟರೆ ಗುರುತು ಹತ್ತುತ್ತಿರಲಿಲ್ಲ. ಅವುಗಳಿಗೆ ಕೈಯಿಂದ ಎಣ್ಣೆ ಬೆರೆಸಬೇಕಾಗಿರಲಿಲ್ಲ. ಎಂಜಿನ್ನಿನ ಮಗ್ಗುಲಲ್ಲೇ ಎಣ್ಣೆಯ ಒಂದು ಡಬ್ಬಿ, ಅದರಿಂದ ಒಂದು ಸಣ್ಣ ಪಂಪಿಗೆ ಕೊಳವೆ. ಎಂಜಿನ್ ತಿರುಗಿದರೆ ಹಲ್ಲುಚಕ್ರದ ಮೂಲಕ ಪಂಪೂ ತಿರುಗುತ್ತದೆ, ಪೆಟ್ರೋಲು ಗಾಳಿ ಒಳಗೆ ಹೋಗುವ ದಾರಿಗೇ ಎಣ್ಣೆಯನ್ನು ದೂಡುತ್ತದೆ. ವೇಗದ ಹಿಡಿಗೂ ಪಂಪಿಗೂ ನಡುವೆ ಒಂದು ಸರಳು. ಹಿಡಿ ತಿರುವಿ ವೇಗ ಹೆಚ್ಚಿಸಿದರೆ ಎಣ್ಣೆ ಹೆಚ್ಚು, ಸುಮ್ಮನೆ ಗುರುಗುಡುತ್ತ ನಿಂತಾಗ ಹನಿ ಹನಿ. ಕೈಯಿಂದ ಬೆರೆಸಿದರೆ ನಿಂತಾಗಲೂ ಓಡುವಾಗಲೂ ಒಂದೇ ಪ್ರಮಾಣ. ಇದು ಹಾಗಲ್ಲ, ಹಸಿವು ನೋಡಿ ಬಡಿಸುವ ತಾಯಿ ಎಂದು ನಾನು ಗಿರಾಕಿಗಳಿಗೆ ಹೇಳುತ್ತಿದ್ದೆ. ಡಬ್ಬಿಯೊಳಗೆ ಒಂದು ತೇಲುಬೆಂಡು ಇತ್ತು. ಎಣ್ಣೆ ಕಡಿಮೆಯಾದರೆ ಅದು ಕೆಳಗಿಳಿದು ಕೆಂಪು ದೀಪ ಹತ್ತುತ್ತಿತ್ತು, ಬಜರ್ ಕೂಗುತ್ತಿತ್ತು.

ಬೇಲೇಕೇರಿಯ ಬೀರಣ್ಣ ಅಂಥದ್ದೊಂದನ್ನು ಕೊಂಡಿದ್ದ. ಅನುಮಾನದ ಮನುಷ್ಯ, ಹಾಲಿನಲ್ಲೂ ಸುಣ್ಣ ಹುಡುಕುವವನು. ಒಳಗೆ ಎಣ್ಣೆ ಹೋಗುತ್ತದೆ ಅಂತೀರಿ, ನನಗೆ ಕಾಣುವುದಿಲ್ಲವಲ್ಲ ಎಂದು ಅವನ ತಕರಾರು. ನಂಬಿಕೆ ಸಾಲದೆ ಕೈಯಿಂದಲೂ ಬೆರೆಸಿದ. ಎಣ್ಣೆ ಎರಡೆರಡು ಪಾಲಾಗಿ ಪ್ಲಗ್ಗು ಮಸಿ ಹಿಡಿದು ವಾರಕ್ಕೊಮ್ಮೆ ಶೆಡ್ಡಿಗೆ ಬರತೊಡಗಿದ. ಕೊನೆಗೆ ಮೇಸ್ತ್ರಿಗೆ ಬೇಸರ ಬಂದು, ಇವನಿಗೆ ಪಂಪು ಮುಚ್ಚಿ ಕೊಟ್ಟುಬಿಡು ಎಂದರು. ಮುಚ್ಚಿದವನು ನಾನು. ಅದು ಚಳಿಗಾಲದಲ್ಲಿ. ಪಂಪನ್ನು ತಿರುಗಿಸುವ ಹಲ್ಲುಚಕ್ರ ತೆಗೆದೆ. ಎಣ್ಣೆಯ ಕೊಳವೆಯ ಬಾಯಿಗೆ ಬಾಗಿಲಿಗೆ ಹಾಕುವ ಹಿತ್ತಾಳೆಯ ಸ್ಕ್ರೂ ಒಂದನ್ನು ತುರುಕಿ ಕ್ಲಿಪ್ಪು ಬಿಗಿದೆ. ಡಬ್ಬಿಯನ್ನು ಮಾತ್ರ ತೆಗೆಯಲಿಲ್ಲ. ತೆಗೆದರೆ ಬಜರಿನ ವಯರುಗಳನ್ನೂ ಬಿಚ್ಚಿ ಬೇರೆ ಜೋಡಿಸಬೇಕು, ಅರ್ಧ ದಿನದ ಕೆಲಸ. ಡಬ್ಬಿ ತುಂಬ ಎಣ್ಣೆ ಹಾಕಿ ಇಟ್ಟರೆ ತೇಲುಬೆಂಡು ಮೇಲೆಯೇ ಇರುತ್ತದೆ, ಬಜರ್ ಕೂಗುವುದಿಲ್ಲ. ಹಾಗೆ ಮಾಡಿ ಮುಚ್ಚಳ ಮುಚ್ಚಿದೆ. ಅದೇ ಚಳಿಗಾಲದಲ್ಲಿ ಇನ್ನೆರಡು ಎಂಜಿನ್ನುಗಳಿಗೂ ಹೀಗೇ ಮಾಡಿದೆ. ಉಳಿದವನ್ನು ಹಾಗೆಯೇ ಬಿಟ್ಟೆ. ಯಾವುದು ಮುಚ್ಚಿದ್ದು, ಯಾವುದು ತೆರೆದದ್ದು ಎಂಬುದಕ್ಕೆ ಹೊರಗೆ ಒಂದು ಬಣ್ಣದ ಗೀಟು ಎಳೆಯಬೇಕೆಂದು ನನಗೆ ಹೊಳೆಯಲಿಲ್ಲ.

ಬೀರಣ್ಣನ ಎಂಜಿನ್ನನ್ನು ಆ ಮಳೆಗಾಲದ ಆರಂಭದಲ್ಲಿ ರೋಹಿದಾಸ ಕೊಂಡ. ರೋಹಿದಾಸ ಚೆಂಡಿಯಾ ಕಡೆಯವನು. ಅಲ್ಲಿ ಅವನ ಮನೆಯ ಹಿತ್ತಿಲೇ ದಂಡೆಯಾಗಿತ್ತು. ಈಗ ಕಾಲನಿಯಿಂದ ಬೇಲೇಕೇರಿಗೆ ಬಂದು ದೋಣಿ ಹತ್ತಬೇಕು. ಅಪ್ಪ ಅಜ್ಜ ಬಲೆ ಬೀಸುತ್ತಿದ್ದ ನೀರು ನೌಕಾನೆಲೆಯ ಗಡಿಯೊಳಗೆ ಹೋಗಿತ್ತು. ಆ ಗಡಿಯನ್ನು ಬಳಸಿ ದೂರ ಹೋದರೆ ಮಾತ್ರ ಮೀನು. ಹುಟ್ಟು ಹಾಕಿ, ಸಣ್ಣ ಎಂಜಿನ್ ಹಾಕಿ ಅಷ್ಟು ದೂರ ಆಗುವುದಿಲ್ಲ, ಅದಕ್ಕೆ ಈ ದೊಡ್ಡದು. ಹೆಚ್ಚು ಮಾತಿನವನಲ್ಲ. ಎಂಜಿನ್ನಿನ ಮೇಲೆ ಕೈ ಸವರುವುದು ನೋಡಿದರೆ ಮನೆಗೆ ಎಮ್ಮೆ ತಂದವನ ಹಾಗೆ ಕಾಣುತ್ತಿದ್ದ. ಮಾರುವಾಗ ಬೀರಣ್ಣ, ಎಣ್ಣೆ ಕೈಯಿಂದಲೇ ಬೆರೆಸು ಎಂದಷ್ಟೇ ಹೇಳಿದ. ಏಕೆ ಎಂದು ಅವನೂ ಹೇಳಲಿಲ್ಲ, ಇವನೂ ಕೇಳಲಿಲ್ಲ.

ಬೆರೆಸುವವಳು ರೋಹಿದಾಸನ ಹೆಂಡತಿ ಶೇವಂತಿ. ನನಗಿಂತ ಒಂದೆರಡು ವರ್ಷ ಚಿಕ್ಕವಳಿರಬೇಕು. ಕಂಕುಳಲ್ಲಿ ವರ್ಷ ತುಂಬದ ಹೆಣ್ಣು ಮಗು. ಎಣ್ಣೆ ಕೊಳ್ಳಲು ಅಂಕೋಲೆಗೆ ಬಸ್ಸಿನಲ್ಲಿ ಬಂದು, ನಮ್ಮ ಶೆಡ್ಡಿನ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬರುತ್ತಿದ್ದಳು. ಅದು ಗ್ರೀಸು ಮೆತ್ತಿದ ನೆಲ, ಚಪ್ಪಲಿ ಹಾಕಿಕೊಂಡೇ ಬನ್ನಿ ಎಂದರೂ ಕೇಳುತ್ತಿರಲಿಲ್ಲ. ದುಡಿಯುವ ಜಾಗ ಅಲ್ಲವೇ ಎನ್ನುತ್ತಿದ್ದಳು.

ನೂಲು ಹುಣ್ಣಿಮೆಗೆ ಸಮುದ್ರಕ್ಕೆ ತೆಂಗಿನಕಾಯಿ ಬಿಟ್ಟು ದೋಣಿಗಳು ಹೊರಟವು. ಅದಾಗಿ ಎಂಟು ಹತ್ತು ದಿನಗಳ ಮೇಲೆ ಶೇವಂತಿ ಬಂದಳು. ಎಡೆಬಿಡದ ಮಳೆ. ಶೆಡ್ಡಿನ ತಗಡಿನ ಮೇಲೆ ಅದರ ಸದ್ದಿಗೆ ಮಾತು ಕೇಳುತ್ತಿರಲಿಲ್ಲ. ಮೇಸ್ತ್ರಿ ಬಿಡಿಭಾಗಕ್ಕೆಂದು ಕಾರವಾರಕ್ಕೆ ಹೋಗಿದ್ದರು, ಶೆಡ್ಡಿನಲ್ಲಿ ನಾನೊಬ್ಬನೇ. ಎಣ್ಣೆ ಕೇಳಿದಳು, ಕೊಟ್ಟೆ. ಹೊರಟವಳು ಬಾಗಿಲಲ್ಲಿ ನಿಂತು, ಏನೋ ಕೇಳಬೇಕೆಂಬಂತೆ ತಿರುಗಿದಳು.

“ಒಂದ್ ಮಾತ್ ಕೇಳೂದಾ? ಎಂಜಿನ್ನಿನ ಮಗ್ಗಲಿಗೆ ಒಂದ್ ಎಣ್ಣೆ ಡಬ್ಬಿ ಉಂಟಲ, ಅದ್ರಾಗಿನ ಎಣ್ಣೆ ಕಡ್ಮೆನೇ ಆಗೂದಿಲ್ಲ. ನಾ ದಿನಾ ನೋಡ್ತೆ. ಹೆಂಗಿತ್ತೋ ಹಂಗೇ ಉಂಟು.”

ಇಡೀ ಕರಾವಳಿಯಲ್ಲಿ ಕೇಳಬೇಕಾದ ಪ್ರಶ್ನೆಯನ್ನು ಕೇಳಿದವಳು ಅವಳೊಬ್ಬಳೇ. ಓದಿದವನು ನಾನು, ನೋಡಿದವಳು ಅವಳು. ಎಂಟು ದಿನ ಓಡಿದ ಎಂಜಿನ್ನಿನ ಡಬ್ಬಿಯಲ್ಲಿ ಎಣ್ಣೆ ಇಳಿದಿಲ್ಲ ಎಂದರೆ ಒಳಗೆ ಹೋಗುತ್ತಿಲ್ಲ ಎಂದು ಅರ್ಥ. ಇದಕ್ಕೆ ಕೈಪಿಡಿ ಬೇಡ, ಅಡುಗೆಮನೆಯ ಲೆಕ್ಕ ಸಾಕು. ಆದರೆ ನನ್ನ ಕಿವಿಗೆ ಬಿದ್ದದ್ದು ಬೇರೆಯೇ. ಈಕೆ ಇನ್ನೂ ಕೈಯಿಂದ ಎಣ್ಣೆ ಬೆರೆಸುತ್ತಿದ್ದಾಳೆ, ತನ್ನಷ್ಟಕ್ಕೆ ಬೆರೆಸುವ ಎಂಜಿನ್ನಿಗೆ ಎರಡೆರಡು ಪಾಲು ಹಾಕುತ್ತಿದ್ದಾಳೆ ಎಂದೇ ನನಗೆ ಕೇಳಿಸಿತು. ಪುರಾಣಿಕ ಎದ್ದು ಕೂತ. ಪಂಪು, ಹಲ್ಲುಚಕ್ರ, ಸರಳು, ಹಸಿವು ನೋಡಿ ಬಡಿಸುವ ತಾಯಿ, ಎಲ್ಲ ಹೇಳಿದೆ. ಹಾಳೆಯ ಮೇಲೆ ಚಿತ್ರ ಬರೆದೂ ತೋರಿಸಿದೆ. ಹಾಗಾದರೆ ಡಬ್ಬಿಯ ಎಣ್ಣೆ ಯಾಕೆ ಇಳಿಯುವುದಿಲ್ಲ ಎಂದು ಮತ್ತೆ ಕೇಳಿದಳು. ಅದಕ್ಕೂ ನನ್ನ ಹತ್ತಿರ ಉತ್ತರ ಇತ್ತು. ನೀವು ಕೈಯಿಂದ ಹಾಕುತ್ತಿದ್ದೀರಿ, ಎಂಜಿನ್ನಿಗೆ ಹೊಟ್ಟೆ ತುಂಬಿದೆ, ಅದಕ್ಕೇ ಡಬ್ಬಿಯದನ್ನು ಮುಟ್ಟುತ್ತಿಲ್ಲ ಎಂದೆ. ಪಂಪಿಗೆ ಹೊಟ್ಟೆ ತುಂಬಿದ್ದು ತಿಳಿಯುವುದಿಲ್ಲ, ಎಂಜಿನ್ ತಿರುಗಿದರೆ ಅದೂ ತಿರುಗುತ್ತದೆ ಅಷ್ಟೇ. ಇದು ನನಗೆ ಗೊತ್ತಿತ್ತು. ಗೊತ್ತಿದ್ದೂ ಬಾಯಿಗೆ ಬಂದದ್ದನ್ನು ಹೇಳಿದೆ, ಏಕೆಂದರೆ ಉತ್ತರ ಇಲ್ಲ ಅನ್ನುವ ಅಭ್ಯಾಸ ನನಗಿರಲಿಲ್ಲ.

“ನಾಳಿಂದ ಬೆರೆಸಬೇಡಿ. ಬರೀ ಪೆಟ್ರೋಲ್ ಹಾಕಿ, ಅದು ತನ್ನಷ್ಟಕ್ಕೆ ಬೆರೆಸ್ತದೆ” ಎಂದೆ.

 ಕೊಂಡ ಎಣ್ಣೆಯನ್ನು ಹಿಂದಕ್ಕೆ ಕೊಡಬಹುದೇ ಎಂದು ಕೇಳಿದಳು. ಇರಲಿ, ಡಬ್ಬಿ ಖಾಲಿಯಾದಾಗ ಬೇಕಾಗುತ್ತದೆ, ಖಾಲಿಯಾದರೆ ಬಜರ್ ತಾನಾಗಿಯೇ ಕೂಗುತ್ತದೆ ಎಂದು ಧೈರ್ಯ ಹೇಳಿ ಕಳಿಸಿದೆ. ಅದು ಬೀರಣ್ಣನಿಂದ ಬಂದ ಎಂಜಿನ್ ಎಂಬುದು ನನಗೆ ಗೊತ್ತಿತ್ತೇ? ಗೊತ್ತಿತ್ತು. ಬೀರಣ್ಣನದಕ್ಕೆ ನಾನೇ ಪಂಪು ಮುಚ್ಚಿದ್ದೇನೆ ಎಂಬುದು? ಅದೂ ಗೊತ್ತಿತ್ತು. ಎರಡೂ ಒಂದೇ ಹೊತ್ತಿಗೆ ನೆನಪಿಗೆ ಬರಲಿಲ್ಲ. ಮಾತನಾಡುವ ಖುಷಿಯಲ್ಲಿದ್ದೆ. ಇದಕ್ಕಿಂತ ಒಳ್ಳೆಯ ಕಾರಣ ಈ ತನಕ ನನಗೆ ಸಿಕ್ಕಿಲ್ಲ.

ಮರುದಿನ ಬೆಳಕು ಹರಿಯುವಾಗ ರೋಹಿದಾಸ ಹೊರಟ. ಜೊತೆಗೆ ಅವನ ಚಿಕ್ಕಪ್ಪನ ಮಗ ಗಜಾನನ. ಮುಂದಿನದೆಲ್ಲ ಗಜಾನನ ಹೇಳಿದ್ದು. ಕೊಳವೆಗಳಲ್ಲಿ ಹಿಂದಿನ ದಿನದ ಪಸೆ ಉಳಿದಿದ್ದರಿಂದ ಎಂಜಿನ್ ಮೊದಮೊದಲು ಚೆನ್ನಾಗಿಯೇ ಓಡಿತು. ಹೊಗೆಯೂ ಕಡಿಮೆಯಾಗಿತ್ತು. ನೋಡು, ಎಷ್ಟು ಸ್ವಚ್ಛ ಓಡುತ್ತದೆ ಎಂದು ರೋಹಿದಾಸ ಸಂತೋಷಪಟ್ಟ, ಏಕೆ ಎಂದು ಗಜಾನನನಿಗೆ ಹೇಳಲಿಲ್ಲ. ನೌಕಾನೆಲೆಯ ಗಡಿ ತೋರಿಸಲು ತೇಲಿಬಿಟ್ಟ ಬೋಯೆಗಳನ್ನು ಬಳಸಿ ತಿರುಗುವಾಗ ಅಲೆಗೆ ಎದುರಾಗಿ ವೇಗ ಹೆಚ್ಚಿಸಿದರು. ಎಂಜಿನ್ನಿನ ಸದ್ದು ದಪ್ಪಗಾಯಿತು. ಯಾರೋ ಹಿಡಿದು ಎಳೆದಂತೆ ವೇಗ ಇಳಿಯಿತು. ಒಂದು ಕಿರ್ರನೆಯ ಶಬ್ದ ಬಂದು ನಿಂತಿತು. ಹಗ್ಗ ಜಗ್ಗಿದರೆ ಬರಲಿಲ್ಲ, ಇಬ್ಬರೂ ಸೇರಿ ಜಗ್ಗಿದರೂ ಬರಲಿಲ್ಲ. ಬಜರ್ ಕೂಗಲಿಲ್ಲ. ಡಬ್ಬಿ ತುಂಬಿತ್ತಲ್ಲ. ಎಣ್ಣೆ ಇದೆಯೋ ಇಲ್ಲವೋ ಎಂಬುದಷ್ಟೇ ಆ ತೇಲುಬೆಂಡಿಗೆ ಗೊತ್ತು, ಹೋಗುತ್ತಿದೆಯೋ ಇಲ್ಲವೋ ಎಂಬುದು ಅದಕ್ಕೆ ಗೊತ್ತಾಗುವುದಿಲ್ಲ.

ಪಡುಗಾಳಿ ದೋಣಿಯನ್ನು ಬಂಡೆಗಳ ಕಡೆಗೆ ದೂಡಿತು. ಲಂಗರು ನೆಲ ಹಿಡಿಯಲಿಲ್ಲ. ಹುಟ್ಟು ಹಾಕಿ ತಿರುಗಿಸಲು ನೋಡಿದರು, ಆ ಅಲೆಯಲ್ಲಿ ಅದು ಆಗುವ ಕೆಲಸವಲ್ಲ. ದೋಣಿ ಮಗುಚಿದಾಗ ಗಜಾನನನ ಕೈಗೆ ಅರ್ಧ ಖಾಲಿಯಾದ ಪೆಟ್ರೋಲ್ ಕ್ಯಾನು ಸಿಕ್ಕಿತು. ಅದನ್ನು ಅಪ್ಪಿಕೊಂಡು ತೇಲಿದ. ಬೇರೆ ದೋಣಿಯವರು ಬಂದು ಎತ್ತಿದರು. ರೋಹಿದಾಸ ಮಾರನೆಯ ದಿನ ಹಾರವಾಡದ ಮರಳಿನಲ್ಲಿ ಸಿಕ್ಕ. ಬಂಡೆಗೆ ಬಡಿದ ಮುಖವನ್ನು ತಾಯಿಗೆ ತೋರಿಸಲಿಲ್ಲ.

ಮಗುಚಿದ ದೋಣಿಯನ್ನು ನಾಲ್ಕೈದು ದಿನದ ಮೇಲೆ ಎಳೆದು ತಂದರು. ಎಂಜಿನ್ ಅದರಲ್ಲೇ ಬಿಗಿದುಕೊಂಡಿತ್ತು. ಅದನ್ನು ಬಿಚ್ಚಿ ನೋಡಲು ಮೇಸ್ತ್ರಿಗೆ ಹೇಳಿಕಳಿಸಿದರು. ನಾನೂ ಹೋದೆ. ಕಾಲನಿಯ ನಡುವೆ ತಗಡು ಹೊದಿಸಿದ ಒಂದು ಚಪ್ಪರ, ಊರಿನ ಹಿರಿಯರು ಅಲ್ಲಿ ಸೇರಿದ್ದರು. ಒಂದು ಪಕ್ಕದಲ್ಲಿ ರೋಹಿದಾಸನ ತಾಯಿ, ಗಿರಿಜಮ್ಮ ಎಂದು ಅವರ ಹೆಸರು, ಕಂಬಕ್ಕೆ ಒರಗಿ ಕೂತಿದ್ದರು. ಶೇವಂತಿ ಮಗುವನ್ನು ಎತ್ತಿಕೊಂಡು ಸ್ವಲ್ಪ ದೂರದಲ್ಲಿ ನಿಂತಿದ್ದಳು. ಗಜಾನನ ಅಪ್ಪಿಕೊಂಡು ಬಂದ ಕ್ಯಾನು ಮಧ್ಯದಲ್ಲಿತ್ತು. ಒಬ್ಬರು ಅದರಿಂದ ಅಂಗೈಗೆ ನಾಲ್ಕು ಹನಿ ಬಿಟ್ಟುಕೊಂಡರು. ಆರಿತು. ಅಂಗೈ ಉಜ್ಜಿ ನೋಡಿ, ಒಣಗಿದೆ ಎಂದರು. ಆ ಕೈಯನ್ನು ಒಬ್ಬೊಬ್ಬರಿಗೂ ತೋರಿಸಿದರು.

ಮೇಸ್ತ್ರಿ ಎಂಜಿನ್ನಿನ ಮುಚ್ಚಳ ತೆಗೆದರು. ನನ್ನ ಕಣ್ಣಿಗೆ ಮೊದಲು ಬಿದ್ದದ್ದು ಹಿತ್ತಾಳೆಯ ಸ್ಕ್ರೂ. ಉಪ್ಪುನೀರಿನಲ್ಲಿ ಬಿದ್ದು ಬಂದರೂ ತುಕ್ಕು ಹಿಡಿದಿರಲಿಲ್ಲ, ಹಿತ್ತಾಳೆ ಹಾಕಿದ್ದೇ ಅದಕ್ಕೆ. ನೆಲ ಕಾಲ ಕೆಳಗಿನಿಂದ ಸರಿಯಿತು ಅನ್ನುತ್ತಾರಲ್ಲ, ನನಗೆ ಹಾಗೇನೂ ಆಗಲಿಲ್ಲ. ಕಿವಿ ಮಾತ್ರ ಕಾದವು. ಎಲ್ಲರೂ ನನ್ನನ್ನೇ ನೋಡುತ್ತಿದ್ದಾರೆ ಅನಿಸಿತು, ಆದರೆ ಯಾರೂ ನೋಡುತ್ತಿರಲಿಲ್ಲ.

ಬೀರಣ್ಣನನ್ನು ಕರೆಸಿದ್ದರು. ಪಂಪು ಮುಚ್ಚಿಸಿದ್ದು ಹೌದು, ಕೈಯಿಂದ ಬೆರೆಸು ಎಂದು ರೋಹಿದಾಸನಿಗೆ ಹೇಳಿದ್ದೂ ಹೌದು ಎಂದ. ಎಲ್ಲರ ಮುಖ ಶೇವಂತಿಯ ಕಡೆಗೆ ತಿರುಗಿತು. ಗಿರಿಜಮ್ಮ ಕೂತಲ್ಲಿಂದಲೇ, ಆ ದಿನ ಬೆರೆಸಿದ್ದೆಯಾ ಎಂದು ಕೇಳಿದರು. ಇಲ್ಲ ಎಂದಳು ಶೇವಂತಿ.

“ಬ್ಯಾಡ ಅಂದವ್ರು ಇವ್ರೇ. ಹಿಂದಿನ ದಿನ ನಾ ಶೆಡ್ಡಿಗೆ ಹೋದಾಗ ಹೇಳಿದ್ರು. ಚಿತ್ರ ಬರ್ದು ತೋರ್ಸಿದ್ರು” ಎಂದು ನನ್ನ ಕಡೆ ಕೈ ತೋರಿಸಿದಳು.

ನಾನು ಬಾಯಿ ತೆರೆಯುವ ಮೊದಲೇ ಮೇಸ್ತ್ರಿ ಮಾತಾಡಿದರು. ಅವರಿಗೆ ನನ್ನನ್ನು ಉಳಿಸುವ ಉದ್ದೇಶ ಇರಲಿಲ್ಲ, ತಾವು ಹೇಳುವುದು ನಿಜ ಎಂದೇ ನಂಬಿದ್ದರು. “ಈ ಪಂಪ್ ಮುಚ್ಚಿದವ ಇವನೇ, ಇವ್ನ ಕೈಯಿಂದ್ಲೇ ಮುಚ್ಚಿದ್ದು. ಮುಚ್ಚಿದವ್ನೇ ಬೆರೆಸ್ಬೇಡ ಅಂಬುದುಂಟಾ? ಎಂಥಾ ದಡ್ಡನೂ ಅನ್ನೂದಿಲ್ಲ” ಎಂದರು.

ಚಪ್ಪರದಲ್ಲಿ ಎಲ್ಲರೂ ತಲೆಯಾಡಿಸಿದರು. ಅಷ್ಟು ಸರಿಯಾದ ಮಾತು ಅದು. ನನ್ನನ್ನು ಹಿಡಿದುಕೊಡಬೇಕಾದ ಸ್ಕ್ರೂವೇ ನನ್ನನ್ನು ಬಿಡಿಸಿತು. ಹಿರಿಯರಲ್ಲಿ ಒಬ್ಬರು ನನ್ನತ್ತ ತಿರುಗಿ, ನೀನು ಹಾಗೆ ಹೇಳಿದ್ದೆಯೇನಪ್ಪ ಎಂದು ಕೇಳಿದರು. ಕೇಳಿದ ಧಾಟಿಯಲ್ಲೇ ಇಲ್ಲ ಎಂಬ ಉತ್ತರವೂ ಇತ್ತು. ನನ್ನ ಅಂಗಿಯ ಜೇಬಿನಲ್ಲಿ ಎರಡು ದಿನ ಹಿಂದೆ ಬಂದ ಕೈಗಾದ ಪತ್ರ ಇತ್ತು. ಆಯ್ಕೆಯಾಗಿದೆ, ಪೊಲೀಸ್ ತಪಾಸಣೆ ಮುಗಿದ ಮೇಲೆ ಹಾಜರಾಗಬೇಕು ಎಂದು ಬರೆದಿತ್ತು. ಅಣುವಿದ್ಯುತ್ತಿನ ಜಾಗ, ಹೆಸರಿನ ಮೇಲೆ ಒಂದು ಸಣ್ಣ ಕೇಸಿದ್ದರೂ ತೆಗೆದುಕೊಳ್ಳುವುದಿಲ್ಲ ಎಂದು ಎಲ್ಲರೂ ಹೇಳುತ್ತಿದ್ದರು. ಹೊರಗೆ ರಸ್ತೆಯಲ್ಲಿ ಪೊಲೀಸ್ ಜೀಪು ನಿಂತಿತ್ತು.

ಇಲ್ಲ ಎಂದೆ. ಕಡಿಮೆ ಬೆರೆಸಿ ಎಂದಿರಬಹುದು, ಬೇಡ ಅಂದಿಲ್ಲ ಎಂದೂ ಸೇರಿಸಿದೆ. ಸುಳ್ಳು ಒಂದೇ ಸಾಕಿತ್ತು, ಅದಕ್ಕೆ ಬಾಲ ಕಟ್ಟುವ ಅಗತ್ಯ ಇರಲಿಲ್ಲ. ಶೇವಂತಿ ನನ್ನನ್ನು ನೋಡಿದಳು. ಸಿಟ್ಟು ಇರಲಿಲ್ಲ ಆ ನೋಟದಲ್ಲಿ. ಲೆಕ್ಕ ತಪ್ಪಿದವರು ಮತ್ತೆ ಮೊದಲಿನಿಂದ ಎಣಿಸುವಾಗ ನೋಡುತ್ತಾರಲ್ಲ, ಹಾಗೆ ನೋಡಿದಳು. ಮಗು ಅಳತೊಡಗಿತು. ಗಿರಿಜಮ್ಮ ಎದ್ದು ಹೋಗಿ ಅದನ್ನು ಅವಳ ತೋಳಿನಿಂದ ಕಿತ್ತುಕೊಂಡರು.

ಬರುವಾಗ ಬಸ್ಸಿನಲ್ಲಿ ಮೇಸ್ತ್ರಿಯ ಪಕ್ಕವೇ ಕೂತಿದ್ದೆ. ಅವರ್ಸೆ ಊರು ದಾಟಿದ ಮೇಲೆ ಅವರು, ಆ ದಿನ ಶೆಡ್ಡಿನಲ್ಲಿ ನೀನೊಬ್ಬನೇ ಇದ್ದೆಯಲ್ಲ ಎಂದರು. ಹೌದು ಎಂದೆ. ಮತ್ತೆ ಕೇಳಲಿಲ್ಲ. ಆ ದಿನದಿಂದ ನನ್ನನ್ನು ಪುರಾಣಿಕರು ಎಂದು ಕರೆಯುವುದನ್ನು ನಿಲ್ಲಿಸಿದರು. ಮಳೆಗಾಲ ಮುಗಿಯುವ ಮೊದಲೇ ನಾನು ಕೈಗಾಕ್ಕೆ ಹೊರಟುಹೋದೆ. ಕಂಪನಿ ಬಸ್ಸಿನ ಕಿಟಕಿಗೆ ತಲೆ ಆನಿಸಿದೆ. ನಿದ್ದೆ ಬರಲಿಲ್ಲ ಎಂದು ಬರೆದರೆ ಚೆನ್ನಾಗಿರುತ್ತದೆ. ಬಂತು. ಇಪ್ಪತ್ತು ವರ್ಷ ಚೆನ್ನಾಗಿಯೇ ನಿದ್ದೆ ಮಾಡಿದ್ದೇನೆ, ನನ್ನ ಬಗ್ಗೆ ನನಗೆ ಎಲ್ಲಕ್ಕಿಂತ ಹೇಸಿಗೆ ಅನಿಸುವುದು ಅದೇ.

ಅವಳ ಸುದ್ದಿ ಆಗೀಗ ಕಿವಿಗೆ ಬೀಳುತ್ತಿತ್ತು. ಹಟ್ಟಿಕೇರಿಯಲ್ಲಿ ನಮ್ಮ ಪಕ್ಕದ ಗದ್ದೆಗೆ ನಾಟಿಗೆ ಬಂದಿದ್ದಳು ಎಂದು ಒಮ್ಮೆ ಅಮ್ಮ ಹೇಳಿದಳು. ಗಂಡನ ದೋಣಿಗೆ ಎಣ್ಣೆ ಹಾಕಲು ಮರೆತವಳು ಎಂದೇ ಅವಳನ್ನು ಗುರುತಿಸುತ್ತಿದ್ದರು. ಅದನ್ನು ಕೆಟ್ಟ ಮನಸ್ಸಿನಿಂದಲೂ ಅನ್ನುತ್ತಿರಲಿಲ್ಲ, ಮೂಗು ಚಪ್ಪಟೆಯವಳು, ಉದ್ದನೆಯವಳು ಎಂಬ ಹಾಗೆ ಅನ್ನುತ್ತಿದ್ದರು. ಅಮ್ಮನೂ ಹಾಗೆಯೇ ಅಂದಳು. ನಾನು ಅನ್ನಕ್ಕೆ ಸಾರು ಹಾಕಿಸಿಕೊಂಡೆ.

ಈ ಸಲ ಬೇಲೇಕೇರಿಯಿಂದ ಎದ್ದವನು ಮನೆಗೆ ಹೋಗಲಿಲ್ಲ. ಶೇವಂತಿ ಈಗ ಅಂಕೋಲೆಯ ಮಾರುಕಟ್ಟೆಯಲ್ಲಿ ಒಣ ಮೀನು ಮಾರುತ್ತಾಳೆಂದು ಕೇಳಿದ್ದೆ. ಹೋದೆ. ತಲೆಗೂದಲು ಮುಕ್ಕಾಲು ನೆರೆತಿತ್ತು. ಪ್ಲಾಸ್ಟಿಕ್ ಹಾಳೆಯ ಮೇಲೆ ಒಣ ಸಿಗಡಿ, ಒಣ ಬಂಗಡೆ ಹರವಿಕೊಂಡು ಕೂತಿದ್ದಳು. ನನ್ನ ಗುರುತು ಹತ್ತಲಿಲ್ಲ. ಗಿರಾಕಿ ಎಂದುಕೊಂಡು ಯಾವುದು ಕೊಡಲಿ ಎಂದಳು. ನಾನು ಅವಳ ಎದುರು ಕುಕ್ಕರಗಾಲಿನಲ್ಲಿ ಕೂತು, ವಿಠ್ಠಲ ಮೇಸ್ತ್ರಿಯ ಶೆಡ್ಡಿನಲ್ಲಿ ಇದ್ದವನು ಎಂದೆ. 

ಎಲ್ಲ ಹೇಳಿದೆ. ಬೆರೆಸಬೇಡಿ ಎಂದವನು ನಾನೇ, ಚಪ್ಪರದಲ್ಲಿ ಹೇಳಿದ್ದು ಸುಳ್ಳು, ನೌಕರಿ ಹೋಗುತ್ತದೆಂದು ಹೆದರಿದ್ದೆ ಎಂದೆ. ಸಣ್ಣ ದನಿಯಲ್ಲಿ, ತಲೆ ತಗ್ಗಿಸಿ ಹೇಳಿದೆ. ಅವಳು ಕೇಳುತ್ತ ಸಿಗಡಿಯಲ್ಲಿನ ಕಸ ಹೆಕ್ಕುತ್ತಿದ್ದಳು.  ಆಮೇಲೆ, ಆ ದಿನ ಚಿತ್ರ ಬರೆದು ತೋರಿಸಿದ್ದೂ ಹೌದೇ ಎಂದು ಕೇಳಿದಳು. ಹೌದು ಎಂದೆ.

“ಅಷ್ಟ್ ಜನ ಅಂದ್ಮೇಲೆ ನಂಗೇ ಅನುಮಾನ ಬಂದಿತ್ತು. ನಾನೇ ಮರ್ತು, ನಿಮ್ಮ ಹೆಸ್ರು ಹೇಳಿದ್ನೋ ಏನೋ ಅಂತ. ಎಷ್ಟೋ ವರ್ಷ ಆ ಚಿತ್ರ ನೆನ್ಪು ಮಾಡ್ಕಂತಿದ್ದೆ. ಕಡೀಗೆ ಅದೂ ನಾನೇ ಕಟ್ಟಿದ ಸುಳ್ಳು ಅಂತಾಯ್ತು.”

ಗಿರಿಜಮ್ಮ ಹೋಗಿ ಐದು ವರ್ಷವಾಯಿತಂತೆ. ಮಗ ಸತ್ತ ದಿನದಿಂದ ಸೊಸೆಯ ಕೈಯಿಂದ ಒಂದು ಲೋಟ ನೀರು ತೆಗೆದುಕೊಳ್ಳಲಿಲ್ಲ, ಕೊನೆಗೆ ಬಾಯಿಗೆ ನೀರು ಬಿಡಲು ಪಕ್ಕದ ಮನೆಯವರನ್ನು ಕರೆಯಬೇಕಾಯಿತು. ಮಗಳನ್ನು ಗೋವಾಕ್ಕೆ ಕೊಟ್ಟಿದೆ, ಅವಳಿಗೆ ಇದರ ಮಾತೇ ಬೇಡ. ಬೀರಣ್ಣ ಇಲ್ಲ. ಚಪ್ಪರದಲ್ಲಿ ಕೂತಿದ್ದ ಹಿರಿಯರಲ್ಲಿ ಒಬ್ಬರೂ ಇಲ್ಲ. ಮೇಸ್ತ್ರಿ ಹೋದ ವರ್ಷ ತೀರಿಕೊಂಡದ್ದು ನನಗೂ ಗೊತ್ತಿತ್ತು. ಒಬ್ಬೊಬ್ಬರ ಹೆಸರು ಹೇಳುವಾಗಲೂ ಅವಳ ದನಿ ಏರಲಿಲ್ಲ. ಕಡೆಗೆ ಕಸ ಹೆಕ್ಕುವುದನ್ನು ಬಿಟ್ಟು ನನ್ನ ಮುಖ ನೋಡಿದಳು.

“ಕೇಳೂಕೆ ಯಾರೂ ಇಲ್ಲ ಅಂದ್ಮೇಲೆ ಬಂದ್ರಿ. ನಂಗೆ ಗೊತ್ತಿದ್ದದ್ದ ನಂಗೇ ಹೇಳೂಕೆ.”

 ಅಷ್ಟರಲ್ಲಿ ಗಿರಾಕಿಯೊಬ್ಬಳು ಬಂದು ಬಂಗಡೆ ಕೇಳಿದಳು. ಶೇವಂತಿ ತಕ್ಕಡಿ ಎತ್ತಿದಳು, ನಾನು ಜಾಗ ಬಿಟ್ಟು ಎದ್ದೆ.

ಅವಳಿಗೆ ಗೊತ್ತಿದ್ದದ್ದು ಉಳಿದವರಿಗೂ ಗೊತ್ತಾಗಲಿ ಎಂದು ಇದನ್ನು ಬರೆದಿದ್ದೇನೆ. ಬೇಲೇಕೇರಿಯಲ್ಲಿ, ಹಾರವಾಡದಲ್ಲಿ, ಆ ಕಾಲನಿಯಲ್ಲಿ ಇದನ್ನು ಓದುವವರು ಯಾರಾದರೂ ಇದ್ದರೆ ಓದಲು ಬಾರದವರಿಗೂ ಓದಿ ಹೇಳಿ. ರೋಹಿದಾಸನ ಹೆಂಡತಿ ಏನನ್ನೂ ಮರೆತಿರಲಿಲ್ಲ. ಎಣ್ಣೆ ಇಳಿಯುತ್ತಿಲ್ಲವೆಂದು ಕಂಡು, ಬಸ್ಸು ಹತ್ತಿ ಬಂದು, ಎರಡು ಸಲ ಕೇಳಿದ್ದಳು. ಬೆರೆಸಬೇಡಿ ಎಂದು ಹೇಳಿದವನು ನಾನು.